ಬರೆದದ್ದು ಮೂರೇ ಸುತ್ತು

ಹೊಸಬಾಳೆ, ಸೊರಬ ತಾಲ್ಲೂಕು
೩ ನವೆಂಬರ್ ೨೦೨೫

ಪ್ರೀತಿಯ ಮಧು,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನನ್ನ ಸಿಟ್ಟು ಬರೆದು ಮುಗಿಸುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಶಿಬಿರದವರು ಫೋನು ತೆಗೆದಿಟ್ಟುಕೊಂಡು ದಿನಕ್ಕೆ ಹತ್ತು ನಿಮಿಷ ಕೊಡುತ್ತಾರಂತೆ. ಆ ಹತ್ತು ನಿಮಿಷ ನಿಮ್ಮಮ್ಮನ ಅಳುವಿಗೇ ಸಾಲದು. ಅದಕ್ಕೇ ಈ ಸ್ಪೀಡ್ ಪೋಸ್ಟು.

ಈಜು ಫೆಡರೇಷನ್ನಿನಿಂದ ಉತ್ತರ ಬಂತು. ಎರಡೇ ಸಾಲು. ಕಲಾತ್ಮಕ ಈಜಿನ ತರಬೇತಿ ಪಡೆದ ಪ್ರಮಾಣಪತ್ರ ನನ್ನ ಹತ್ತಿರ ಇಲ್ಲವಾದ್ದರಿಂದ ನನ್ನನ್ನು ತಂಡದ ಜೊತೆ ಕಳಿಸಲು ಬರುವುದಿಲ್ಲವಂತೆ. ಆ ಜಾಗಕ್ಕೆ ಶಿವಶಂಕರ ಎನ್ನುವವರು ಮ್ಯಾನೇಜರ್ ಆಗಿ ಬರುತ್ತಾರಂತೆ. ವಿಚಾರಿಸಿದೆ. ಹಾವೇರಿ ಕಡೆಯವರು, ಕಬಡ್ಡಿ ಆಡಿದವರು. ನೀರು ಕಂಡರೆ ಪ್ಯಾಂಟು ಮಡಚಿಕೊಳ್ಳುವ ಪೈಕಿ ಇರಬೇಕು. ಒಂಬತ್ತು ವರ್ಷ ನಿನ್ನನ್ನು ನೀರಿಗಿಳಿಸಿ ಮೇಲೆತ್ತಿದವಳು ಹೊಸಬಾಳೆಯಲ್ಲಿ ಕೂತಿರಬೇಕು, ಕಬಡ್ಡಿಯವರು ಕೊಳದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಇದು ಯಾವ ಸೀಮೆಯ ನ್ಯಾಯ?

ಪ್ರಮಾಣಪತ್ರವಂತೆ! ನಾನು ಸೊರಬದ ಹೈಸ್ಕೂಲಿನ ಪಿ.ಟಿ. ಟೀಚರು, ನಿಜ. ಆದರೆ ಉಣ್ಣೆ ಕತ್ತರಿಸುವ ಮುಂಚೆ ನಿಮ್ಮೂರ ಕೆರೆಯಲ್ಲಿ ಕುರಿ ಮೈ ತೊಳೆಯುವಾಗ, ಹನ್ನೊಂದು ವರ್ಷದ ಹುಡುಗಿ ಕಾಲು ಎಟುಕದ ನೀರಿನಲ್ಲಿ ಎರಡೂ ಕೈಯಿಂದ ಕುರಿ ಹಿಡಿದು, ಬರೀ ಕಾಲಾಡಿಸಿಕೊಂಡು ಎದೆಮಟ್ಟ ಮೇಲೆ ನಿಂತಿದ್ದನ್ನು ಕಂಡವಳು ಯಾರು? ಆ ಕಾಲಾಟ ಕಲಿಯಲು ಹೊರದೇಶದವರು ವರ್ಷಗಟ್ಟಲೆ ಬೆವರು ಸುರಿಸುತ್ತಾರೆ ಎಂದು ವಿಡಿಯೋ ನೋಡಿ ತಿಳಿದುಕೊಂಡವಳು ಯಾರು? ನಿನ್ನ ಕೂದಲು ಅಂಟಿಸಲು ಅಗಸೆ ಬೀಜ ಕುದಿಸಿ, ಅದು ನೀರಿನಲ್ಲಿ ಕರಗಿ ನಿನ್ನ ಕಣ್ಣಿಗೆಲ್ಲ ಇಳಿದು, ನಿಮ್ಮಮ್ಮನ ಕೈಲಿ ಬೈಸಿಕೊಂಡವಳು ಯಾರು?

ಹೋಗಲಿ. ಇಲ್ಲಿನ ಸುದ್ದಿ ಕೇಳು. ಪಕ್ಕದ ಮನೆ ಲೋಕಮ್ಮನಿಗೆ ಹಿಂದೂ ಮಹಾಸಾಗರ ದೇಶಗಳ ಕ್ರೀಡಾಕೂಟ, ಸಂಗೀತಕ್ಕೆ ತಕ್ಕ ಹಾಗೆ ನೀರಿನಲ್ಲಿ ಒಬ್ಬಳೇ ಮಾಡುವ ಕಸರತ್ತು, ಹನ್ನೊಂದು ದೇಶದಿಂದ ಒಬ್ಬೊಬ್ಬಳೇ ಹುಡುಗಿ, ನಮ್ಮ ದೇಶದಿಂದ ನನ್ನ ಅಣ್ಣನ ಮಗಳು ಎಂದೆಲ್ಲ ವಿವರಿಸಿದೆ. ಎಲ್ಲ ಕೇಳಿ, "ಒಬ್ಳೇ ಈಜೂದಾದ್ರೆ ಸೋಲೂದು ಯಾರತ್ರ ಮಾರಾಯ್ತಿ? ಫಸ್ಟ್ ಬಂದ್ಳು ಅಂತ ಈಗ್ಲೇ ಹೇಳ್ಬಿಡು" ಎಂದಳು.

ಇದರ ಜೊತೆ ಅಂಟಿಸಿದ ಲಕೋಟೆಯೊಂದಿದೆ. ಅದು ಮೊದಲ ದಿನದ ಕೋಚ್ ಕಾರ್ಡು. ನೀರಿನಲ್ಲಿ ನೀನು ಏನೇನು, ಎಷ್ಟೆಷ್ಟು, ಯಾವ ಕ್ರಮದಲ್ಲಿ ಮಾಡುತ್ತೀ ಎಂದು ಮುಂಚೆಯೇ ಬರೆದು ಕೊಡಬೇಕಲ್ಲ, ಅದೇ ಹಾಳೆ. ಬಿಚ್ಚಬೇಡ. ಹಾಗೇ ಮ್ಯಾನೇಜರ್ ಕೈಗೆ ಕೊಡು. ಎರಡನೇ ದಿನದ್ದು ಮುಂದಿನ ಕಾಗದದಲ್ಲಿ ಕಳಿಸುತ್ತೇನೆ.

ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅತ್ತೆ,
ರೋಜಾ


ಕ್ರೀಡಾಗ್ರಾಮ, ವಿಶಾಖಪಟ್ಟಣ
೮ ನವೆಂಬರ್ ೨೦೨೫

ಅತ್ತೆ,

ನಿನ್ನ ಸಿಟ್ಟು ನಾಲ್ಕು ದಿನ ಪ್ರಯಾಣ ಮಾಡಿದರೂ ಆರಿರಲಿಲ್ಲ. ಕಾಗದ ಓದಿ ನಕ್ಕೆ, ಆಮೇಲೆ ನೀನು ಇಲ್ಲಿಲ್ಲ ಎಂದು ಬೇಜಾರಾಯಿತು.

ಇಲ್ಲಿನ ಕೊಳ ಮೂರು ಮೀಟರ್ ಆಳ. ನೀರಿನೊಳಗೇ ಸ್ಪೀಕರ್ ಇದೆ, ಸಂಗೀತ ಮೂಳೆಗೆ ಕೇಳಿಸುತ್ತದೆ. ಬೇರೆ ದೇಶದವರಿಗೆ ಇಬ್ಬಿಬ್ಬರು ಕೋಚು. ದಂಡೆಯ ಮೇಲೆ ಚಮಚದಿಂದ ಕಬ್ಬಿಣದ ಏಣಿ ಬಡಿದು ತಾಳ ಹಾಕುತ್ತಾರೆ, ಅದು ನೀರಿನೊಳಗೆ ಕೇಳುತ್ತದೆ. ನನಗೆ ಬಡಿಯುವವರಿಲ್ಲ. ಜೋಡಿ ಈಜಿಗೆ ಬಂದಿರುವ ಸಂಗೀತ ಎನ್ನುವ ಹುಡುಗಿ ನನ್ನ ರೂಮಿನವಳು, ಬಿಡುವಿದ್ದಾಗ ಅವಳೇ ಬಡಿಯುತ್ತಾಳೆ. ಒಂದು ದಿನ ಶಿವಶಂಕರ ಸರ್ ಬಡಿದರು. ತಾಳ ಎಲ್ಲೋ, ನಾನು ಎಲ್ಲೋ. ಪಾಪ, ಮನುಷ್ಯ ಒಳ್ಳೆಯವರೇ. ನೀನಂದಂತೆ ಪ್ಯಾಂಟು ಮಾತ್ರ ಮಡಚಿಕೊಂಡಿದ್ದರು.

ಲಕೋಟೆ ಕೊಟ್ಟೆ. ಬಿಚ್ಚಿ ನೋಡಿ, "ಇದ್ರಾಗ ಏನು ಬರ್ದಾರ ಅಂತ ನಿನಗ ಗೊತ್ತೈತೇನವ್ವಾ? ಒಮ್ಮೆ ನೋಡಿಬಿಡು. ಬದಲಿಸೂದಿದ್ರ ಇನ್ನೂ ಟೈಮ್ ಐತಿ" ಎಂದರು. ನಾನು, "ನಮ್ಮತ್ತೆ ಬರೆದಿದ್ದಾರೆ ಸರ್, ಸರಿಯಾಗೇ ಇರುತ್ತೆ" ಎಂದು ಸ್ವಲ್ಪ ಜಂಬದಿಂದಲೇ ಹೇಳಿ ಬಂದೆ. ನೀನು ಬಿಚ್ಚಬೇಡ ಎಂದ ಮೇಲೆ ನಾನು ನೋಡುವುದುಂಟೇ?

ಐದು ಸುತ್ತು ಬರುತ್ತಿದೆ ಅತ್ತೆ! ತಲೆಕೆಳಗಾಗಿ ನಿಂತು, ಎರಡೂ ಕಾಲು ಜೋಡಿಸಿ, ಪಾದ ಮುಳುಗುವವರೆಗೂ ಐದು ಪೂರ್ತಿ. ಈ ವಾರ ಏಳು ಸಲ ಮಾಡಿದ್ದರಲ್ಲಿ ಆರು ಸಲ ಅಲುಗಲಿಲ್ಲ. ಸಿಂಗಪುರದ ಕೋಚ್ ನಿಂತು ನೋಡಿ ಚಪ್ಪಾಳೆ ತಟ್ಟಿದರು.

ಒಂದು ಮಾತು. ಇಲ್ಲಿ ಎಲ್ಲರೂ ತಮ್ಮ ಕಾರ್ಡು ಬಾಯಿಪಾಠ ಮಾಡುತ್ತಾರೆ. ಬರೆದಷ್ಟಕ್ಕೇ ಅಂಕ ಎಂದು ಸಂಗೀತ ಹೇಳಿದಳು. ನೀನು ಐದು ಎಂದೇ ಬರೆದಿದ್ದೀಯಲ್ಲ? ಸುಮ್ಮನೆ ಕೇಳಿದೆ.

ನಿನ್ನ,
ಮಧುಶ್ರೀ


ಹೊಸಬಾಳೆ
೧೨ ನವೆಂಬರ್ ೨೦೨೫

ಮಧು,

ನಿನ್ನ ಮ್ಯಾನೇಜರ್ ವಿಷಯ ಓದಿ ಮೈ ಉರಿಯಿತು. ಅಂಟಿಸಿದ ಲಕೋಟೆ ಬಿಚ್ಚಿ ಓದಿ, "ಬದಲಿಸೂದಿದ್ರ" ಎನ್ನಲು ಆತ ಯಾರು? ತಾಳ ಹಾಕಲು ಬಾರದವರು ಕಾರ್ಡಿನಲ್ಲಿ ಮೂಗು ತೂರಿಸುವುದು ಬೇಡ. ಒಳ್ಳೆಯವರೇ ಎಂದು ನೀನು ಬೇಗ ಕರಗಬೇಡ. ನನ್ನ ಜಾಗದಲ್ಲಿ ನಿಂತ ಮನುಷ್ಯ ಅದು.

ಇನ್ನೊಂದು ಸಿಟ್ಟು. ನಾಲ್ಕು ದಿನ ರಜೆ ಕೊಡಿ, ಸ್ವಂತ ಖರ್ಚಿನಲ್ಲಿ ಹೋಗಿ ಪ್ರೇಕ್ಷಕರ ಜಾಗದಲ್ಲಾದರೂ ಕೂರುತ್ತೇನೆ ಎಂದು ಹೆಡ್‌ಮಾಸ್ಟರ್ ಶೇಷಪ್ಪನವರನ್ನು ಕೇಳಿದೆ. "ತಾಲ್ಲೂಕು ಕ್ರೀಡಾಕೂಟ ಇದೆಯಲ್ಲ ಮೇಡಂ, ಟ್ರ್ಯಾಕಿಗೆ ಸುಣ್ಣ ಹಾಕ್ಸೋರು ಯಾರು?" ಎಂದರು. ನೀನು ದೇಶಕ್ಕಾಗಿ ಈಜುವ ಹೊತ್ತಿಗೆ ನಾನು ಸುಣ್ಣ ಹಾಕಿಸುತ್ತಿರುತ್ತೇನೆ, ತಿಳಿದುಕೊ.

ಮತ್ತೊಂದು. ತಿಪ್ಪೇಶ ಎನ್ನುವ ವರದಿಗಾರ ಶಿಕಾರಿಪುರಕ್ಕೆ, ನಿಮ್ಮ ಮನೆಗೆ ಹೋಗಿ ಬಂದು ನಿನ್ನ ಮೇಲೆ ಬರೆದಿದ್ದಾನೆ. ತಲೆಬರಹ ಏನು ಗೊತ್ತೇ? "ಕುರಿಗಾಹಿಯ ಮಗಳ ಜಲನೃತ್ಯ." ನೃತ್ಯವಂತೆ! ಮೂಗಿಗೆ ಕ್ಲಿಪ್ಪು ಹಾಕಿ, ಮುಕ್ಕಾಲು ನಿಮಿಷ ಉಸಿರು ಬಿಗಿಹಿಡಿದು, ತಲೆಕೆಳಗಾಗಿ ನಿಲ್ಲಲಿ ಆತ, ಆಮೇಲೆ ಬರೆಯಲಿ ನೃತ್ಯವೋ ಏನೋ ಎಂದು. ನಿಮ್ಮಪ್ಪನನ್ನು ಎಷ್ಟು ಕುರಿ ಇವೆ ಎಂದು ಕೇಳಿದನಂತೆ. ಅಣ್ಣ, "ಒಂದಿಪ್ಪತ್ತು ಅದಾವ್ ನೋಡ್ರಿ, ಅಷ್ಟಾ" ಎಂದನಂತೆ. ಪೇಪರಿನಲ್ಲಿ ಅದೇ ಬಂದಿದೆ. ಹಟ್ಟಿಯಲ್ಲಿ ತೊಂಬತ್ತಕ್ಕೆ ಕಡಿಮೆಯಿಲ್ಲ! ಓದಿ ನಕ್ಕೆ. ಆದರೆ ಅಣ್ಣ ಮಾಡಿದ್ದು ಸರಿಯೇ. ಮಂದೆಯ ನಿಜದ ಲೆಕ್ಕ ಹೊರಗಿನವರಿಗೆ ಹೇಳುವ ಪದ್ಧತಿ ನಮ್ಮ ಮನೆಯಲ್ಲಿ ಎಂದೂ ಇಲ್ಲ. ಹೇಳಿದರೆ ಕಣ್ಣು ಬೀಳುತ್ತದೆ. ನಮ್ಮಜ್ಜ ಅಂತೂ ತನ್ನ ಕುರಿ ತಾನು ಎಣಿಸುವಾಗಲೂ ಎರಡು ಬಿಟ್ಟು ಎಣಿಸುತ್ತಿದ್ದ.

ಕಾರ್ಡಿನ ಚಿಂತೆ ನಿನಗೆ ಬೇಡ. ಅದು ನನ್ನ ಕೆಲಸ. ನೀನು ಅಭ್ಯಾಸ ಮಾಡಿದ್ದಷ್ಟನ್ನೂ ಮಾಡು, ಐದಕ್ಕೆ ಐದೂ. ನೋಡಿದವರು ಬೆರಗಾಗಬೇಕು. ಎರಡನೇ ದಿನದ ಲಕೋಟೆ ಇಟ್ಟಿದ್ದೇನೆ. ಇದನ್ನೂ ಬಿಚ್ಚಬೇಡ.

ಕೊಳಕ್ಕೆ ಇಳಿಯುವ ಮುಂಚೆ ನಿಮ್ಮಮ್ಮನನ್ನು ನೆನೆಸಿಕೊಳ್ಳಬೇಡ, ಅಳು ಬರುತ್ತದೆ. ನನ್ನನ್ನು ನೆನೆಸಿಕೊ, ಸಿಟ್ಟು ಬರುತ್ತದೆ. ಸಿಟ್ಟು ಒಳ್ಳೆಯದು.

ರೋಜಾ ಅತ್ತೆ


ಶಿಕಾರಿಪುರ, ಅಣ್ಣನ ಮನೆಯಿಂದ
೧೭ ನವೆಂಬರ್ ೨೦೨೫

ಮಧು,

ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿಕೊಂಡು ಓದು.

ಸುಣ್ಣದ ಕೆಲಸ ಬೇರೆಯವರಿಗೆ ವಹಿಸಿ, ಹೊಟ್ಟೆನೋವು ಎಂದು ಹೇಳಿ ಶಿಕಾರಿಪುರದ ಬಸ್ಸು ಹತ್ತಿದೆ. ಫೋನಿನಿಂದ ಟಿ.ವಿ.ಗೆ ಹಾಕಿಸಿ ಎಲ್ಲರೂ ನೋಡಿದೆವು. ನಡುಮನೆ ತುಂಬ ಜನ. ನೀನು ನೀರಿನೊಳಗೆ ಹೋದಾಗ ನಿಮ್ಮಮ್ಮ, "ಅಷ್ಟೊತ್ತು ನೀರಾಗೇ ಅದಾಳಲ್ಲೇ, ಉಸ್ರು ಹೆಂಗ್ ಬಿಡ್ತಾಳೆ? ಯಾರಾರಾ ಎತ್ರಿ ಆಕೀನ್ನ" ಎಂದು ಟಿ.ವಿ. ಮುಂದೆ ನಿಂತುಬಿಟ್ಟಳು. ಕೈ ಹಿಡಿದು ಕೂರಿಸಿದೆ. ಐದು ಸುತ್ತು! ನಾನು ಗಟ್ಟಿಯಾಗಿ ಎಣಿಸಿದೆ, ಮನೆಯವರೆಲ್ಲ ನನ್ನ ಜೊತೆ ಎಣಿಸಿದರು. ನಿಮ್ಮಪ್ಪ ಹೆಗಲ ಕಂಬಳಿಯಿಂದ ಕಣ್ಣು ಒರೆಸಿಕೊಂಡ.

ಆಮೇಲೆ ಅಂಕ ಬಂತು. ಒಂಬತ್ತನೇ ಸ್ಥಾನ. ಹನ್ನೊಂದು ಜನರಲ್ಲಿ ಒಂಬತ್ತು!

ಕಣ್ಣಿಲ್ಲವೇ ಅವರಿಗೆ? ಶಿಕಾರಿಪುರದ ನಡುಮನೆಯಲ್ಲಿ ಕೂತು, ಈಜೇ ಬಾರದ ಹೆಂಗಸರು ಐದು ಎಣಿಸಿದರು. ಕೊಳದ ಪಕ್ಕ ಕೋಟು ಹಾಕಿಕೊಂಡು ಕೂತವರು ಮೂರಕ್ಕೆ ಅಂಕ ಕೊಟ್ಟರು. ಎರಡು ಸುತ್ತು ಎಲ್ಲಿ ಹೋಯಿತು? ಕಂಡದ್ದಕ್ಕೆ ಬೆಲೆ ಕೊಡದಿದ್ದರೆ ಅಲ್ಲಿಗೆ ಹೋಗಿ ಮಾಡಿ ತೋರಿಸುವುದು ಯಾಕೆ? ನಮ್ಮ ಹುಡುಗಿಗೆ ಹಿಂದೆ ಯಾರೂ ಇಲ್ಲವೆಂದು ತಾನೇ ಇದೆಲ್ಲ? ಕುರಿ ಕಾಯುವವರ ಮಗಳು ಎಂದು ತಾನೇ?

ತಿಪ್ಪೇಶ ಇಲ್ಲೇ ಇದ್ದ. ಹೇಳಿಕೆ ಕೊಡಿ ಎಂದ. ಕಾರ್ಡು ಹತ್ತು ದಿನ ಯಾರ ಕೈಯಲ್ಲಿತ್ತು ಎಂದು ವಿಚಾರಿಸಿ ಎಂದೆ. "ಅಂದ್ರೆ ಮ್ಯಾನೇಜರ್ ಬದಲಾಯ್ಸಿದಾರಾ ಮೇಡಂ?" ಎಂದ. ಅದನ್ನು ನೀವೇ ಅರ್ಥ ಮಾಡಿಕೊಳ್ಳಿ ಎಂದೆ. ನಾನು ಹೇಳಿದ್ದು ಅಷ್ಟೇ. ಫೆಡರೇಷನ್ನಿಗೂ ಅದೇ ಮಾತನ್ನು ಮೇಲ್ ಮಾಡಿದ್ದೇನೆ. ಬಿಡುವುದಿಲ್ಲ ನಾನು.

ಇಪ್ಪತ್ತನೇ ತಾರೀಕು ಎರಡನೇ ದಿನದ ಸ್ಪರ್ಧೆ. ಎರಡೂ ದಿನದ ಅಂಕ ಕೂಡಿಸಿ ಪದಕ. ತಲೆ ಕೆಡಿಸಿಕೊಳ್ಳಬೇಡ. ಹೀಗೇ ಮಾಡು.

ಅತ್ತೆ


ಕ್ರೀಡಾಗ್ರಾಮ, ವಿಶಾಖಪಟ್ಟಣ
೧೮ ನವೆಂಬರ್ ೨೦೨೫

ರೋಜಾ ಅತ್ತೆಗೆ,

ನಿನ್ನೆಯ ಅಂಕ ನೀವು ನೋಡಿರುತ್ತೀರಿ.

ನೀರಿನಿಂದ ಮೇಲೆ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ಚೆನ್ನಾಗಿ ನಾನು ಎಂದೂ ಮಾಡಿರಲಿಲ್ಲ. ಫಲಕದ ಮೇಲೆ ಅಂಕ ಬಿದ್ದಾಗ ಬೇರೆ ಯಾರದ್ದೋ ಎಂದುಕೊಂಡೆ. ಶಿವಶಂಕರ ಸರ್ ಅಧಿಕಾರಿಗಳ ಮೇಜಿಗೆ ಓಡಿದರು. ಒದ್ದೆ ನೆಲದಲ್ಲಿ ಜಾರಿ ಮಂಡಿ ತರಚಿಕೊಂಡರು. ಐದು ಬೆರಳು ತೋರಿಸಿ, ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲೇ ಜಗಳ ಮಾಡಿದರು. ಅಲ್ಲಿದ್ದ ಹೆಂಗಸು ಪೂರ್ತಿ ಕೇಳಿಸಿಕೊಂಡರು. ತಾವೂ ಐದು ಎಣಿಸಿರುವುದಾಗಿ ಹೇಳಿದರು. ಆದರೆ ನೀವು ಬರೆದುಕೊಟ್ಟಿರುವುದು ಮೂರು, ಬರೆಯದ್ದಕ್ಕೆ ಅಂಕ ಕೊಡಲು ನಿಯಮವಿಲ್ಲ ಎಂದು ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು.

ನಿಮ್ಮ ಅಕ್ಷರ ಅತ್ತೆ. ತಿದ್ದಿಲ್ಲ, ಹೊಡೆದುಹಾಕಿಲ್ಲ. ಚೊಕ್ಕವಾಗಿ, ಮೂರು. ಅದೊಂದೇ ಕಡೆಯಲ್ಲ, ನಾಲ್ಕು ಕಡೆ ನಾನು ಮಾಡುವುದಕ್ಕಿಂತ ಕಡಿಮೆ ಬರೆದಿದ್ದೀರಿ. ರೂಮಿಗೆ ಬಂದು ಎರಡನೇ ಲಕೋಟೆ ಹರಿದು ನೋಡಿದೆ. ಅದರಲ್ಲೂ ಹಾಗೇ.

ನಾನು ಕೇಳಿದ್ದೆ. ಐದು ಎಂದೇ ಬರೆದಿದ್ದೀಯಲ್ಲ ಎಂದು ಕಾಗದದಲ್ಲಿ ಕೇಳಿದ್ದೆ. ನೀವು ಹೆಡ್‌ಮಾಸ್ಟರಿಗೆ ಬೈದಿರಿ, ಪೇಪರಿನವನಿಗೆ ಬೈದಿರಿ, ಸರ್‌ಗೆ ಬೈದಿರಿ, ಅಪ್ಪನ ಕುರಿ ಲೆಕ್ಕದ ಕಥೆ ಹೇಳಿ ನಗಿಸಿದಿರಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ನಾನು ದಡ್ಡಿ, ಅದನ್ನು ಓದಿ ಉತ್ತರ ಸಿಕ್ಕಿತು ಎಂದುಕೊಂಡೆ.

ಕುರಿಯ ಲೆಕ್ಕಕ್ಕೆ ನೀವು ನಕ್ಕಿರಿ. ನನಗೆ ನಗು ಬರುವುದಿಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಲಸಿಕೆ ಹಾಕಲು ಡಾಕ್ಟರು ಬರುವ ಮುಂಚೆ ಎಷ್ಟು ಕುರಿ ಎಂದು ಕೇಳಿ ಕಳಿಸಿದ್ದರು. ಅಪ್ಪ ಐವತ್ತು ಎಂದರು. ಐವತ್ತಕ್ಕೇ ಮದ್ದು ಬಂತು. ಉಳಿದವನ್ನು ಹಿತ್ತಲಲ್ಲಿ ಬೇಲಿ ಹಾಕಿ ನಿಲ್ಲಿಸಿದ್ದೆವು, ಸದ್ದು ಮಾಡದ ಹಾಗೆ ನಾನೇ ಸೊಪ್ಪು ಹಾಕುತ್ತಿದ್ದೆ. ಆ ಮಳೆಗಾಲದಲ್ಲಿ ರೋಗ ಬಂದು ಸತ್ತವೆಲ್ಲ ಹಿತ್ತಲಲ್ಲಿ ನಿಂತವೇ. ಕಣ್ಣು ಬೀಳಬಾರದೆಂದು ಮುಚ್ಚಿಟ್ಟವೇ. ಆಗ ಅಪ್ಪನಿಗೆ ಎದುರು ಹೇಳಲು ನನಗೆ ಧೈರ್ಯವಿರಲಿಲ್ಲ.

ಈಗ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿದ್ದೀರಿ. ನಾನು ಕುರಿಯಲ್ಲ ಅತ್ತೆ. ನನ್ನ ಕಾಲು, ನನ್ನ ಉಸಿರು, ಒಂಬತ್ತು ವರ್ಷದ ನನ್ನ ಬೆಳಗಿನ ಹೊತ್ತು. ಅದನ್ನು ಕಡಿಮೆ ಮಾಡಿ ಬರೆಯಲು ನಿಮಗೆ ಯಾರು ಹೇಳಿದರು?

ಎರಡನೇ ದಿನದ ಕಾರ್ಡಿಗೆ ನಾಳೆ ಸಂಜೆಯವರೆಗೆ ಸಮಯವಿದೆ. ಹೊಸದು ನಾನೇ ಬರೆದಿದ್ದೇನೆ, ಸರ್ ಸಹಿ ಹಾಕಿದರು. ಐದು ಎಂದು ಬರೆದಿದ್ದೇನೆ. ಈಗ ನಾಲ್ಕೂವರೆ ಸುತ್ತಿದರೆ ಆ ಭಾಗಕ್ಕೆ ಅಂಕ ಪೂರ್ತಿ ಹೋಗುತ್ತದೆ. ಹೋದರೆ ನನ್ನದು ಹೋಗುತ್ತದೆ.

ಮಧುಶ್ರೀ


ಹೊಸಬಾಳೆ
೨೨ ನವೆಂಬರ್ ೨೦೨೫

ಮಧು,

ಮೊನ್ನೆ ಇಪ್ಪತ್ತನೇ ತಾರೀಕು ಪರದೆಯ ಮೇಲೆ ನಿನ್ನ ಹೆಸರಿನ ಪಕ್ಕ, ಕಾರ್ಡಿನಲ್ಲಿ ಬರೆದ ಕಷ್ಟಕ್ಕೆ ತಕ್ಕ ಅಂಕ ದೊಡ್ಡದಾಗಿ ಕಂಡಾಗಲೇ ನೀನು ಲಕೋಟೆ ಹರಿದೆ ಎಂದು ಗೊತ್ತಾಯಿತು. ಐದು ಪೂರ್ತಿ ಮಾಡಿದೆ. ಆ ದಿನ ಎರಡನೆಯವಳಾದೆ. ಎರಡೂ ದಿನ ಕೂಡಿಸಿದರೆ ಐದನೆಯವಳು. ಮೂರನೆಯವಳಿಗೂ ನಿನಗೂ ಎಷ್ಟು ಅಂತರ ಎಂದು ಲೆಕ್ಕ ಹಾಕಿದೆ. ಮೊದಲ ದಿನದ ಆ ಎರಡು ಸುತ್ತು ಸೇರಿದ್ದರೆ ಕಂಚು ನಿನ್ನದೇ. ಲೆಕ್ಕ ಹಾಕಿ ಅಡುಗೆಮನೆಯಲ್ಲಿ ಕೂತೆ. ಇವತ್ತು ನಿನ್ನ ಕಾಗದ ಬಂ‌ತು. ನನ್ನನ್ನು "ನೀವು" ಎಂದು ಬರೆದಿದ್ದೀಯ. ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ನೀನು ನನ್ನನ್ನು ಏನೆಂದುಕೊಂಡಿದ್ದೀ? ನಿನ್ನ ಕೇಡು ಬಯಸುವವಳು ಎಂದೇ? ಮಾರ್ಚ್ ತಿಂಗಳು ನೆನಪಿಸಿಕೊ. ಶಿವಮೊಗ್ಗದ ಕೊಳದಲ್ಲಿ ಐದನೇ ಸುತ್ತಿಗೆ ನಿನಗೆ ಪ್ರಜ್ಞೆ ತಪ್ಪಿತು. ನೀರಿನ ತಳದಲ್ಲಿ ಅಲುಗಾಡದೆ ಇದ್ದೆ. ಸೀರೆ ಸಮೇತ ಹಾರಿ ಎತ್ತಿದವಳು ನಾನು. ನಿನಗೆ ತಲೆಸುತ್ತು ಬಂತು ಎಂದಷ್ಟೇ ಹೇಳಿದೆ. ನಿಮ್ಮಮ್ಮನಿಗೆ ಅದನ್ನೂ ಹೇಳಲಿಲ್ಲ. ಅವತ್ತಿನಿಂದ ಐದು ಎಂದು ಬರೆಯಲು ನನ್ನ ಕೈ ಬರಲಿಲ್ಲ. ಹೆದರಿಕೆ ಕಣೇ. ಅದನ್ನು ನಿನಗೆ ಹೇಗೆ ಹೇಳಲಿ?

ಕಡಿಮೆ ಬರೆದು ಹೆಚ್ಚು ಮಾಡಿದರೆ ಮೆಚ್ಚಿ ಕೊಡುತ್ತಾರೆ ಎಂದುಕೊಂಡೆ. ನಾನು ನೋಡಿ ಕಲಿತ ಹಳೆಯ ವಿಡಿಯೋಗಳಲ್ಲಿ ಹಾಗೇ ಇತ್ತು, ಕಂಡದ್ದಕ್ಕೆ ಅಂಕ. ಹೊಸ ನಿಯಮದ ಪುಸ್ತಕ ನಿಘಂಟು ಇಟ್ಟುಕೊಂಡು ಓದಿದ್ದೇನೆ, ಆ ಸಾಲು ನಾನು ಬೇರೆ ಥರ ಅರ್ಥ ಮಾಡಿಕೊಂಡಿರಬೇಕು. ನನಗೆ ಹೇಳಿಕೊಟ್ಟವರು ಯಾರಿದ್ದರು? ಪ್ರಮಾಣಪತ್ರ ಕೇಳಿದವರು ಒಂದು ದಿನದ ತರಗತಿಗಾದರೂ ಕರೆದಿದ್ದರೇ?

ಊರಿನವರಿಗೆಲ್ಲ ಇದು ಮ್ಯಾನೇಜರ್ ಕೆಲಸ ಎಂದೇ ಗೊತ್ತು. ಅದು ಹಾಗೇ ಇರಲಿ. ನಿನ್ನ ನನ್ನ ನಡುವಿನದು ನಮ್ಮಲ್ಲೇ ಇರಲಿ.

ರೋಜಾ ಅತ್ತೆ


ವಿಶಾಖಪಟ್ಟಣ
೨೬ ನವೆಂಬರ್ ೨೦೨೫

ರೋಜಾ ಅತ್ತೆಗೆ,

ನಿಮ್ಮ ಹದಿನೇಳನೇ ತಾರೀಕಿನ ಕಾಗದವೂ ಇಪ್ಪತ್ತೆರಡರದ್ದೂ ಒಟ್ಟಿಗೇ ಕೈಸೇರಿದವು.

ಮಾರ್ಚಿನ ವಿಷಯ ಓದಿದೆ. ನಂಬುತ್ತೇನೆ. ಆದರೆ ಒಂದು ಹೇಳಿ. ಹೆದರಿಕೆಯಿದ್ದರೆ ಮೂರೇ ಮಾಡು ಎನ್ನಬೇಕಿತ್ತು. ನೀವು ಐದಕ್ಕೆ ಐದೂ ಮಾಡು ಎಂದು ಬರೆದಿರಿ. ಆ ಕಾಗದ ನನ್ನ ಹತ್ತಿರ ಇದೆ. ಉಸಿರು ಹೋಗುವ ಅಪಾಯ ನನಗೆ ಇಟ್ಟು, ಹೆಸರು ಹೋಗುವ ಅಪಾಯ ಮಾತ್ರ ಕಾರ್ಡಿನಿಂದ ತೆಗೆದಿರಿ. ನಾನು ತಪ್ಪಿದ್ದರೆ "ನಾನು ಬರೆದದ್ದೇ ಮೂರು" ಎಂದು ಹೇಳಬಹುದಿತ್ತು. ನನಗಾಗಿ ಹೆದರಿದಿರೋ, ನಿಮಗಾಗಿಯೋ?

ಇನ್ನು ಶಿವಶಂಕರ ಸರ್. ನಿಮ್ಮ ಮೇಲ್ ನೋಡಿ, ಪೇಪರಿನ ತುಂಡು ನೋಡಿ, ಅವರನ್ನು ತಂಡದಿಂದ ತೆಗೆದು ಊರಿಗೆ ಕಳಿಸಿದರು. ವಿಚಾರಣೆಯಂತೆ. ಅವರ ಹತ್ತಿರ ನಿಮ್ಮ ಅಕ್ಷರದ ಕಾರ್ಡಿನ ನಕಲು ಇತ್ತು. ತೋರಿಸಿ ಸರ್ ಎಂದೆ. "ಬ್ಯಾಡವ್ವಾ, ನಿಮ್ಮತ್ತಿ ತಾವಾಗೇ ಹೇಳ್ತಾರ. ಒಂಬತ್ತು ವರ್ಷ ಕಲಿಸಿದ ಮನಶಾರು" ಎಂದು ಹೊರಟರು. ತರಚಿದ ಮಂಡಿ ಇನ್ನೂ ಮಾಗಿರಲಿಲ್ಲ, ಕುಂಟುತ್ತಿದ್ದರು. ನನ್ನ ಪರವಾಗಿ ಈ ಕೊಳದ ಹತ್ತಿರ ಜಗಳ ಮಾಡಿದ ಒಬ್ಬರೇ ಒಬ್ಬರು ಅವರು.

ಅವರು ಹೇಳದಿದ್ದರೂ ನಾನು ಹೇಳಿದೆ. ಫೆಡರೇಷನ್ನಿಗೆ ಇದ್ದದ್ದು ಇದ್ದ ಹಾಗೆ ಬರೆದು ಕೊಟ್ಟಿದ್ದೇನೆ. ಸರ್ ನನ್ನನ್ನು ಹೆದರಿಸಿ ಬರೆಸಿದ್ದಾರೆ ಎಂದುಕೊಂಡರೋ ಏನೋ, ಉತ್ತರವಿಲ್ಲ. ನೀವು ಬರೆಯಬೇಕು. ಯಾವ ಪೇಪರಿನಲ್ಲಿ ಹೇಳಿದಿರೋ ಅದರಲ್ಲೇ.

ನಮ್ಮಲ್ಲೇ ಇರಲಿ ಎನ್ನುತ್ತೀರಿ. ಇರುವುದಿಲ್ಲ. ಅದನ್ನು ಬರೆಯುವವರೆಗೆ ನನಗೆ ಕಾಗದ ಹಾಕಬೇಡಿ.

ಮಧುಶ್ರೀ


ಸೊರಬ
೩ ಡಿಸೆಂಬರ್ ೨೦೨೫

ಮಧು,

ಬರೆದಾಗಿದೆ, ಅದಕ್ಕೇ ಈ ಕಾಗದ. ಇದರ ಜೊತೆ ಪೇಪರಿನ ತುಂಡಿದೆ.

ತಿಪ್ಪೇಶ ಮೊದಲು ಒಪ್ಪಲಿಲ್ಲ. "ಯಾಕ್ ಮೇಡಂ, ಜನ ಎಲ್ಲಾ ನಿಮ್ ಕಡೆನೇ ಅದಾರಲ್ಲ, ಬಿಟ್ಟಾಕ್ರಿ" ಎಂದ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವನ ಮೇಲೆ ಕೂಗಾಡಿದೆ. ಜನ ಸೇರಿದರು. ಅವರ ಎದುರೇ ಹೇಳಿದೆ, ಕಾರ್ಡು ಬರೆದವಳು ನಾನು, ಹುಡುಗಿ ಐದು ಮಾಡುತ್ತಾಳೆಂದು ಗೊತ್ತಿದ್ದೂ ಮೂರು ಎಂದು ಬರೆದೆ, ಆ ಮನುಷ್ಯ ನೋಡಿ ಬದಲಿಸಿ ಎಂದು ಮೊದಲೇ ಹೇಳಿದ್ದ, ಗೊತ್ತಿದ್ದೂ ಅವನ ಮೇಲೆ ಹಾಕಿದೆ. ಹೇಳುತ್ತಾ ಹೋದ ಹಾಗೆ ನನ್ನ ಸಿಟ್ಟು ಯಾರ ಮೇಲೆ ಎಂದು ನನಗೇ ಕೇಳಿಸಿತು. ಲೋಕಮ್ಮ ಅಲ್ಲೇ ಬಸ್ಸಿಗೆ ಕಾಯುತ್ತಿದ್ದಳು. ಬಸ್ಸು ಬಂದರೂ ಹತ್ತದೆ ಕೊನೆಯವರೆಗೂ ಕೇಳಿದಳು.

ಫೆಡರೇಷನ್ನಿಗೂ ಬರೆದೆ. ಶಿವಶಂಕರ ಅವರಿಗೆ ಫೋನ್ ಮಾಡಿದೆ. "ಆತು ಬಿಡ್ರೀ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಶೇಷಪ್ಪನವರು ಹೊಟ್ಟೆನೋವಿನ ರಜೆಗೆ ಕಾರಣ ಕೇಳಿದ್ದಾರೆ. ಅದಕ್ಕೂ ನಿಜವೇ ಬರೆದು ಕೊಟ್ಟೆ.

ನನಗಾಗಿಯೋ ನಿನಗಾಗಿಯೋ ಎಂದು ಕೇಳಿದ್ದೀ. ಈ ಸಲ ಬೇರೆ ಸುದ್ದಿ ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ನನಗಾಗಿ. ನಿಯಮದ ಆ ಸಾಲೂ ನನಗೆ ಸರಿಯಾಗೇ ಅರ್ಥವಾಗಿತ್ತು. ಕಬಡ್ಡಿಯವರ ಮುಂದೆ, ಕೋಟಿನವರ ಮುಂದೆ, ಪ್ರಮಾಣಪತ್ರವಿಲ್ಲದವಳು ಕಲಿಸಿದ್ದು ಇಷ್ಟೇ ಎಂದು ಅನ್ನಿಸಿಕೊಳ್ಳಬಾರದಿತ್ತು. ನೀನು ಮಾಡಬಲ್ಲೆ ಎಂದು ಎಲ್ಲರ ಮುಂದೆ ಕೂಗುತ್ತಿದ್ದೆ. ಬರೆಯುವ ಹೊತ್ತಿಗೆ ನಾನು ನಂಬಲಿಲ್ಲ. ನಿನ್ನ ಕಂಚು ಕಳೆದವಳು ನಾನು. ಕ್ಷಮಿಸು ಎಂದು ಕೇಳುವ ಮುಖ ಇಲ್ಲ, ಆದರೂ ಕೇಳುತ್ತೇನೆ.

ರೋಜಾ


ರಾಷ್ಟ್ರೀಯ ಶಿಬಿರ, ವಿಶಾಖಪಟ್ಟಣ
೯ ಡಿಸೆಂಬರ್ ೨೦೨೫

ಅತ್ತೆ,

ಪೇಪರಿನ ತುಂಡು ಓದಿದೆ. ಎರಡು ಸಲ ಓದಿದೆ. ಶಿವಶಂಕರ ಸರ್ ಸೋಮವಾರ ಶಿಬಿರಕ್ಕೆ ವಾಪಸ್ ಬಂದರು.

ಎರಡನೇ ದಿನದ ಅಂಕ ನೋಡಿ ನನ್ನನ್ನು ಮಾರ್ಚ್‌ವರೆಗೆ ಇಲ್ಲೇ ಉಳಿಸಿಕೊಂಡಿದ್ದಾರೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಅತ್ತಳು. ಪ್ರಜ್ಞೆ ತಪ್ಪಿದ್ದನ್ನೂ ಹೇಳಿದೆ. ಇಲ್ಲಿನ ಡಾಕ್ಟರಿಗೂ ಹೇಳಿದೆ. ಅವರು ಪರೀಕ್ಷೆ ಮಾಡಿ, ನಾನು ಉಸಿರು ಹಿಡಿಯುವಾಗಲೆಲ್ಲ ದಂಡೆಯ ಮೇಲೆ ಒಬ್ಬರು ಗಡಿಯಾರ ಹಿಡಿದು ನಿಲ್ಲಬೇಕು ಎಂದಿದ್ದಾರೆ.

ನೀನು ಕ್ಷಮೆ ಕೇಳಿದ್ದೀ. ನನಗೆ ಇನ್ನೂ ಸಿಟ್ಟಿದೆ. ಕಂಚು ಗೆದ್ದ ಹುಡುಗಿ ಪಕ್ಕದ ಊಟದ ಮೇಜಿನಲ್ಲೇ ಕೂರುತ್ತಿದ್ದಳು. ಅದನ್ನು ಕೊರಳಿಗೇ ಹಾಕಿಕೊಂಡು ಅನ್ನ ತಿನ್ನುತ್ತಿದ್ದಳು. ನನಗೆ ಊಟ ಸೇರುತ್ತಿರಲಿಲ್ಲ. ಆಯಿತು ಬಿಡು ಎಂದು ಬರೆಯಲು ನನ್ನಿಂದ ಆಗುವುದಿಲ್ಲ. ಸುಮ್ಮನೆ ಬರೆದರೆ ಅದೂ ಸುಳ್ಳು ಲೆಕ್ಕ. ಇನ್ನು ಮೇಲೆ ನನ್ನ ಕಾರ್ಡು ನಾನೇ ಬರೆಯುತ್ತೇನೆ, ನಿನಗೆ ತೋರಿಸುವುದೂ ಇಲ್ಲ.

ಇವತ್ತು ಶಿಬಿರದ ಅರ್ಜಿ ತುಂಬಿಸಿದರು. ತರಬೇತುದಾರರ ಹೆಸರು ಎಂದು ಒಂದು ಕಾಲಂ ಇದೆ, ಅವರ ಪ್ರಮಾಣಪತ್ರದ ಸಂಖ್ಯೆ ಎಂದು ಇನ್ನೊಂದು. ಸಂಖ್ಯೆ ಇಲ್ಲದಿದ್ದರೆ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ, ಶಿಬಿರದ ಕೋಚ್ ಹೆಸರನ್ನೇ ಹಾಕು ಎಂದು ಗುಮಾಸ್ತರು ಹೇಳಿದರು. ಜಗಳ ಮಾಡಿದೆ ಅತ್ತೆ. ನಿನ್ನ ಹಾಗೇ ಗಂಟಲು ಏರಿಸಿ ಮಾಡಿದೆ. ಕೊನೆಗೆ ಕಾಗದದ ಅರ್ಜಿ ಕೊಟ್ಟರು.

ಅದರಲ್ಲಿ ರೋಜಾ, ದೈಹಿಕ ಶಿಕ್ಷಕಿ, ಸೊರಬ ಎಂದು ಬರೆದೆ. ಎಷ್ಟು ವರ್ಷ ಎನ್ನುವಲ್ಲಿ ಒಂಬತ್ತು ಎಂದು ಬರೆದೆ. ಕಡಿಮೆ ಬರೆಯಬೇಕು ಅನ್ನಿಸಿತು, ಬರೆಯಲಿಲ್ಲ.

ಮಧು